ಹನ್ನೆರಡು ಸನ್ಮಾನ ಪತ್ರ, ಒಂದು ತಪ್ಪು

ತುಮಕೂರಿನ ಮಾಜಿ ಸೈನಿಕರ ಸಂಘದ ಹಿಂದಿನ ಸಲದ ಸನ್ಮಾನದಲ್ಲಿ ಒಬ್ಬ ಸುಬೇದಾರರು ತಮಗೆ ಹೊದಿಸಿದ ಶಾಲನ್ನು ನಾಲ್ಕು ಮಡಿಕೆ ಮಾಡಿ, ವೇದಿಕೆಯ ಕುರ್ಚಿ ಮೇಲಿಟ್ಟು, ಒಂದೂ ಮಾತಾಡದೆ ಇಳಿದು ಹೋದರು. ಅವರ ಕೈಗೆ ಕೊಟ್ಟ ಸನ್ಮಾನ ಪತ್ರದಲ್ಲಿ ಹೆಸರಿನ ಹಿಂದೆ 'ಸಿಪಾಯಿ' ಅಂತ ಅಚ್ಚಾಗಿತ್ತು. 28 ವರ್ಷ ದುಡಿದು ಸುಬೇದಾರ್ ಆದವರನ್ನು ಡಿಟಿಪಿ ಅಂಗಡಿಯ ಹುಡುಗ ಅರ್ಧ ನಿಮಿಷದಲ್ಲಿ ಸಿಪಾಯಿ ಮಾಡಿದ್ದ. ಇನ್ನಿಬ್ಬರ ಪತ್ರ ಅದಲುಬದಲಾಗಿತ್ತು. ಅವರು ಪಾಪ, ಊಟದ ಹೊತ್ತಿಗೆ ತಮ್ಮತಮ್ಮಲ್ಲೇ ಬದಲಾಯಿಸಿಕೊಂಡರು.

ಆ ದಿನ ಸಭೆಯಲ್ಲಿ ಕೂತು ಪಕ್ಕದವರ ಕಿವಿಯಲ್ಲಿ "ಒಂದ್ಸಲ ಪ್ರೂಫ್ ನೋಡೋಕೆ ಏನಾಗಿತ್ತಂತೆ ಇವರಿಗೆ" ಅಂದೆ. ಪಕ್ಕದಲ್ಲಿದ್ದವರು ಸಂಘದ ಕಾರ್ಯದರ್ಶಿಗಳ ಹೆಂಡತಿ ಅಂತ ನನಗೆ ಗೊತ್ತಿರಲಿಲ್ಲ. ದೀಪಾವಳಿ ಕಳೆದ ವಾರ ಫೋನ್ ಬಂತು. "ಮೇಡಂ, ನೀವು ಕನ್ನಡ ಟೀಚರ್ರು, ಮೇಲಾಗಿ ನಮ್ಮ ಹವಾಲ್ದಾರ್ ಮಗಳು. ಈ ಸಲ ಪತ್ರ ಬರೆಯೋ ಜವಾಬ್ದಾರಿ ನಿಮ್ದೇ. ಹನ್ನೆರಡೇ ಜನ."

ಹನ್ನೆರಡೇ! ಎರಡು ಭಾನುವಾರದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಎರಡೂವರೆ ತಿಂಗಳು ಹಿಡಿಯಿತು.

ನಮ್ಮಪ್ಪ ಸೇನೆಯಲ್ಲಿ ಎ.ಎಸ್.ಸಿ., ಅಂದರೆ ಸಾಮಾನು ಸರಬರಾಜಿನ ದಳದ ಡ್ರೈವರ್. ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದವರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಸಂಘದವರು ನನ್ನನ್ನು ಇವತ್ತಿಗೂ ಹೆಸರು ಹಿಡಿದು ಕರೆಯುವುದಿಲ್ಲ, 'ಹವಾಲ್ದಾರ್ ಮಗಳು' ಅಂತಲೇ. ನನಗೂ ಅದು ಹಿತವಾಗೇ ಇದೆ.

ಮೊದಲ ಜಗಳ ತಾರೀಖಿನದು. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು ಆ ದಿನ. ಮರುದಿನ ಸೇನಾ ದಿನ. ಅದೂ ಅವರದೇ, 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಕೈಯಿಂದ ಅವರು ಸೇನೆಯ ಅಧಿಕಾರ ವಹಿಸಿಕೊಂಡರು. ದಿಲ್ಲಿಯಲ್ಲಿ ಕೂತು ದಿನ ಗೊತ್ತು ಮಾಡಿದವರಿಗೆ ಇದೆಲ್ಲ ಸರಿ. ತುಮಕೂರಿನಲ್ಲಿ ಆ ಹೊತ್ತಿಗೆ ಸಂಕ್ರಾಂತಿ. ಎಳ್ಳು ಬೀರಬೇಕು, ಅವರೆಕಾಯಿ ಬೇಯಿಸಬೇಕು, ಹಳ್ಳಿಯವರು ದನಗಳ ಮೈ ತೊಳೆದು ಸಂಜೆಗೆ ಕಿಚ್ಚು ಹಾಯಿಸಬೇಕು. ಸಂಘದ ಅಧ್ಯಕ್ಷರು ನಿವೃತ್ತ ಸುಬೇದಾರ್ ಮೇಜರ್. ಎಲ್ಲರ ಬಾಯಲ್ಲಿ 'ಎಸ್.ಎಂ. ಸಾಬ್'. ಅವರದು ಒಂದೇ ಪಟ್ಟು: "ಫೌಜಿಗೆ ಹಬ್ಬ ಯಾವ್ದ್ರೀ? ಹದಿನಾಲ್ಕು ಅಂದ್ರೆ ಹದಿನಾಲ್ಕೇ."

ಕಾಫಿ ತಂದಿಟ್ಟ ಅವರ ಹೆಂಡತಿ ಲೋಟ ಕೆಳಗಿಡುತ್ತಲೇ ಹೇಳಿದರು: "ಮೂವತ್ತು ವರ್ಷ ಹಬ್ಬಕ್ಕೆ ಬರ್ಲಿಲ್ಲ. ಈಗ್ಲೂ ಮನೇಲಿರಲ್ಲ ಅಂದ್ರೆ ಹೇಳ್ಬಿಡಿ, ಎಳ್ಳು ಹುರಿಯೋದೇ ಬೇಡ."

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅಂತ ನಿಗದಿಯಾಯಿತು.

ಎರಡನೇ ಸಭೆ ಬಿ.ಎಚ್. ರಸ್ತೆಯಲ್ಲಿ, ಟೈರ್ ಅಂಗಡಿ ಮೇಲಿನ ಸಂಘದ ಕೋಣೆಯಲ್ಲಿ. ಎಂಟು ಜನ ಸದಸ್ಯರು, ನಾಲ್ಕು ಜನ ಸ್ವಯಂಸೇವಕರು ಅಂತ ಲೆಕ್ಕ ಇಟ್ಟಿದ್ದರು. ಸ್ವಯಂಸೇವಕರ ಹೆಸರು ಬಂದದ್ದೇ ಒಬ್ಬರು ಎದ್ದು ನಿಂತರು. "ಗಡಿ ಕಾದವರಿಗೂ ಫಾರಂ ತುಂಬಿಸೋರಿಗೂ ಒಂದೇ ಶಾಲಾ?" ಮಾತು ಒರಟಾಗಿತ್ತು, ಆದರೆ ಅವರೊಬ್ಬರದೇ ಮಾತಾಗಿರಲಿಲ್ಲ; ನಾಲ್ಕಾರು ತಲೆ ಹೌದೆಂದು ಅಲ್ಲಾಡಿದವು. ಅದಕ್ಕೆ ಉತ್ತರ ಕೊಟ್ಟದ್ದು ಮೂಲೆಯಲ್ಲಿದ್ದ ಒಬ್ಬ ನಾಯಕ್ (ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ), ಎಡಗಾಲು ಸ್ವಲ್ಪ ಎಳೆಯುವವರು. "ನನ್ನ ಪಿಂಚಣಿ ಏಳು ತಿಂಗ್ಳು ನಿಂತಿತ್ತು. ಆಗ ಗಡಿ ಕಾದೋರು ಯಾರೂ ಬರ್ಲಿಲ್ಲ ಅಣ್ಣ, ಫಾರಂ ತುಂಬಿಸೋನೇ ಬಂದ." ಅಲ್ಲಿಗೆ ಆ ವಿಷಯ ಮುಗಿಯಿತು.

ಯಾರನ್ನು ಮೊದಲು ಕರೆಯಬೇಕು ಅನ್ನುವುದು ಮಾತ್ರ ಬೇಗ ಮುಗಿಯಲಿಲ್ಲ. ದರ್ಜೆ ಪ್ರಕಾರ ಅಂದರೆ ಸಿಪಾಯಿಗಳು ಯಾವಾಗಲೂ ಕೊನೆಗೆ. ವಯಸ್ಸಿನ ಪ್ರಕಾರ ಅಂದರೆ ದಾಖಲೆಯ ವಯಸ್ಸೋ ನಿಜ ವಯಸ್ಸೋ? ನಮ್ಮ ಕಡೆ ಭರ್ತಿಗೆ ಹೋದ ಹುಡುಗರ ಹುಟ್ಟಿದ ದಿನವನ್ನು ಎಷ್ಟೋ ಸಲ ಶಾಲೆಯ ಮೇಷ್ಟ್ರು ಊಹೆಯ ಮೇಲೆ ಬರೆದಿರುತ್ತಾರೆ. (ನಾನೇ ಮೇಷ್ಟ್ರ ಜಾತಿಯವಳಾದ್ದರಿಂದ ಇದನ್ನು ಬಲ್ಲೆ.) ಕೊನೆಗೆ, ಸೇನೆಗೆ ಭರ್ತಿಯಾದ ವರ್ಷದ ಪ್ರಕಾರ ಕರೆಯೋಣ ಅಂತಾಯಿತು. ಅದೊಂದರ ಬಗ್ಗೆ ಯಾರಿಗೂ ತಕರಾರಿಲ್ಲ. ಹೆಂಡತಿಯ ಹುಟ್ಟಿದ ದಿನ ಮರೆತವರೂ ಭರ್ತಿಯಾದ ತಾರೀಖು ಮರೆಯುವುದಿಲ್ಲ.

ಶಾಲು ಮಡಿಸಿಟ್ಟು ಹೋದ ಸುಬೇದಾರರನ್ನು ಈ ಸಲ ಮತ್ತೆ ಸನ್ಮಾನಿಸೋಣ ಅಂತ ಎಸ್.ಎಂ. ಸಾಬ್ ಮತ್ತು ನಾನು ಅವರ ಮನೆಗೆ ಹೋದೆವು. "ಒಂದ್ಸಲ ಸಿಪಾಯಿ ಮಾಡಿದ್ದು ಸಾಕು ಸಾಬ್" ಅಂದರು, ನಗದೆ. ಮಜ್ಜಿಗೆ ಕುಡಿದು ಏಳುವಾಗ ನನ್ನ ಕೈಯಲ್ಲಿದ್ದ ಕರಡು ಹಾಳೆ ನೋಡಿ, "ಅದೇನು?" ಅಂತ ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿ ಓದಿದರು. ಷರ್ಟಿನ ಜೇಬಿನಿಂದ ಕೆಂಪು ಪೆನ್ನು ತೆಗೆದು 'ಮದ್ರಾಸ್ ರೆಜಿಮೆಂಟ್'ನಲ್ಲಿ ನಾನು ಬಿಟ್ಟಿದ್ದ ಒಂದು ಒತ್ತಕ್ಷರ ಸೇರಿಸಿದರು. ಅವತ್ತಿನಿಂದ ಪ್ರೂಫ್ ಅವರ ಪಾಲಿಗೆ. ಸನ್ಮಾನ ಬೇಡ, ಪ್ರೂಫ್ ಮಾತ್ರ ನೋಡಿಕೊಡುತ್ತೇನೆ ಅಂದರು.

ಇನ್ನು ಬರವಣಿಗೆ. ಡಿಟಿಪಿ ಅಂಗಡಿಯಲ್ಲಿ ಒಂದು ಸಿದ್ಧ ನಮೂನೆ ಇತ್ತು. 'ತಾಯ್ನಾಡಿನ ರಕ್ಷಣೆಗಾಗಿ ಪ್ರಾಣದ ಹಂಗು ತೊರೆದು ವೀರಾವೇಶದಿಂದ ಹೋರಾಡಿದ ಹೆಮ್ಮೆಯ ವೀರಯೋಧರಾದ' ಅಂತ ಶುರುವಾಗಿ, ಚುಕ್ಕಿ ಚುಕ್ಕಿ ಇರುವಲ್ಲಿ ಹೆಸರು ತುಂಬಬೇಕು. ಹನ್ನೆರಡು ಜನಕ್ಕೂ ಅದೇ. ನಾನು ಅದನ್ನು ಕೈಬಿಟ್ಟು ಒಂದು ಪುಟದ ಫಾರಂ ಮಾಡಿದೆ: ನಿವೃತ್ತಿಯಾಗುವಾಗ ಸೇನೆ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿರುವಂತೆ ಹೆಸರು, ಸೇನಾ ನಂಬರು, ನಿವೃತ್ತಿಯ ಹೊತ್ತಿನ ದರ್ಜೆ, ದಳ, ಭರ್ತಿ ಮತ್ತು ನಿವೃತ್ತಿಯ ವರ್ಷ, ಕೆಲಸ ಮಾಡಿದ ಜಾಗಗಳು, ಪದಕಗಳು. ಕೊನೆಯ ಕಾಲಂ 'ನೀವು ಮಾಡಿದ ಮುಖ್ಯ ಕೆಲಸ'. ಹನ್ನೆರಡು ಫಾರಂ ಕೊಟ್ಟೆ, ನಾಲ್ಕು ವಾಪಸ್ ಬಂದವು. ಕೊನೆಯ ಕಾಲಂನಲ್ಲಿ ನಾಲ್ಕೂ ಜನ ಒಂದೇ ಪದ ಬರೆದಿದ್ದರು: 'ಡ್ಯೂಟಿ'.

ಹಾಗಾಗಿ ಮನೆ ಮನೆಗೆ ಹೋಗಲೇಬೇಕಾಯಿತು.

ಕ್ಯಾತ್ಸಂದ್ರದಲ್ಲಿ ಒಬ್ಬರಿದ್ದಾರೆ. ಮದ್ರಾಸ್ ರೆಜಿಮೆಂಟಿನ ಒಂದು ಪಲ್ಟನ್ನಿನಲ್ಲಿ ಅಡುಗೆಯವರಾಗಿದ್ದು ನಾಯಕ್ ಆಗಿ ಬಂದವರು. ಸಂಘದ ಯಾವ ಕಾರ್ಯಕ್ರಮವಿದ್ದರೂ ಒಲೆ ಅವರದೇ. ನಾನು ಹೋದಾಗ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ನನ್ನ ಕೈಗೂ ಒಂದು ಮೊರ ಕೊಟ್ಟರು. "ವೀರಯೋಧ ಗೀರಯೋಧ ಅಂತ ಬರೀಬೇಡ ಕಣಮ್ಮ. ನಾನು ಬಂದೂಕು ಹಿಡಿದಿದ್ದು ವೆಲ್ಲಿಂಗ್ಟನ್‌ನಾಗೆ, ಟ್ರೇನಿಂಗ್‌ನಾಗೆ, ಆಮೇಲೆ ವರ್ಷಕ್ಕೊಂದ್ಸಲ ಫೈರಿಂಗ್‌ಗೆ. ಮಿಕ್ಕಿದ್ದೆಲ್ಲ ಸೌಟು."

ಸೌಟು ಹಿಡಿದದ್ದು ಎಲ್ಲಿ ಅಂತ ಕೇಳಿದೆ. ಬೇರೆ ಊರುಗಳ ಹೆಸರು ಹೇಳುತ್ತಾ ಹೇಳುತ್ತಾ ನಡುವೆ "ಗ್ಲೇಸಿಯರ್‌ನಾಗೆ ಒಂದಷ್ಟು ದಿನ" ಅಂದರು. ಸಿಯಾಚಿನ್! 1984ರ ಏಪ್ರಿಲ್‌ನಲ್ಲಿ ಆಪರೇಷನ್ ಮೇಘದೂತ್ ನಡೆದು ನಮ್ಮ ಸೇನೆ ಅಲ್ಲಿ ನೆಲೆಯೂರಿತಲ್ಲ, ಇವರು ಹೋದದ್ದು ಅದಾದ ನಾಲ್ಕು ವರ್ಷಕ್ಕೆ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಅವರು ಅವರೆಕಾಯಿ ಮುಟ್ಟಲಿಲ್ಲ.

"ಮೊಟ್ಟೆ ಕಲ್ಲಾಗ್ತಿತ್ತು. ಕೈಯಾಗೆ ಒಡೆಯೋಕೆ ಆಗಲ್ಲ, ಬಿಸಿನೀರಿಗೆ ಹಾಕಿ ಕಾಯ್ಬೇಕು. ಬೇಳೆ ಅಂದ್ರೆ ಅದೊಂದು ತಪಸ್ಸು. ನೀರು ಕುದೀತದೆ, ಬೇಳೆ ಬೇಯಲ್ಲ. ಕುಕ್ಕರ್‌ನಾಗೆ ಇಟ್ರೂ ಕಾಯ್ತಾ ಕೂರ್ಬೇಕು. ನೀರು ಎಲ್ಲಿಂದ ಅಂತೀಯ? ಹಿಮ ಕೆರೆದು ಕರಗಿಸ್ಬೇಕು. ಒಂದು ಪಾತ್ರೆ ಹಿಮ ಕರಗಿದ್ರೆ ತಳದಾಗೆ ಇಷ್ಟೇ ನೀರು." ಬೆರಳಿನಲ್ಲಿ ಅಳತೆ ತೋರಿಸಿದರು, ಎರಡು ಗೆಣ್ಣು. "ಸೀಮೆಎಣ್ಣೆ ಸ್ಟವ್ ಹೊಗೆ ಗುಡಾರದೊಳಗೆ ಸುತ್ತೋದು. ಕ್ಯಾಕರಿಸಿ ಉಗುದ್ರೆ ಕಪ್ಪು. ಊರಿಗೆ ಬಂದು ತಿಂಗಳಾದ್ರೂ ಕಪ್ಪು."

ಗಾಳಿ ತೆಳ್ಳಗಿರುವ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೇ ಬೇಳೆ ಬೇಯುವುದಿಲ್ಲ ಅಂತ ನಮ್ಮ ಶಾಲೆಯ ವಿಜ್ಞಾನದ ಮೇಡಂ ಪಾಠ ಮಾಡುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಬೇಳೆ ಮುಂದೆ ಕೂತು ಕಾದವರ ಬಾಯಿಂದ ಕೇಳಿದ್ದು ಅದೇ ಮೊದಲು. ಅವರ ಪತ್ರದಲ್ಲಿ 'ಸಿಯಾಚಿನ್ ಹಿಮನದಿಯ ನೆಲೆಯಲ್ಲಿ ಹಿಮ ಕರಗಿಸಿ ಅಡುಗೆ ಮಾಡಿ ಸಂಗಾತಿಗಳಿಗೆ ಬಿಸಿ ಊಟ ಬಡಿಸಿದವರು' ಅಂತ ಬರೆದೆ. ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡುಗೆ ಮನೆ ಅಂತ ಬರೀಬೇಡ ಎಲ್ಲೂ. ಲಂಗರ್ ಅಂತ ಬರಿ" ಅಂದರು. ಬರೆದೆ.

ಇನ್ನೊಬ್ಬರು ಶ್ರೀಲಂಕಾಕ್ಕೆ ಹೋಗಿದ್ದವರು. 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ಶಾಂತಿಪಾಲನಾ ಪಡೆ ಅಂತ ಹೋಗಿ ನಮ್ಮ ಸಾವಿರದ ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಅವರು ಹೇಳಿದ್ದು ಇಷ್ಟೇ: "ಜಾಫ್ನಾ, 1987-88 ಅಂತ ಬರೀರಿ. ಅದರ ಮುಂದೆ ಫುಲ್‌ಸ್ಟಾಪ್ ಇಡಿ." ಟೀ ಕುಡಿದು ಬಂದೆ.

ನನಗೆ ಹೆಚ್ಚು ದಿನ ಹಿಡಿದದ್ದು ಗುಬ್ಬಿಯಿಂದ ಆಚೆ, ಬಸ್ಸಿಳಿದು ಎರಡು ಕಿಲೋಮೀಟರ್ ತೆಂಗಿನ ತೋಟದ ನಡುವೆ ನಡೆಯಬೇಕಾದ ಒಂದು ಊರಿನ ಅಜ್ಜಿಯದು. ಗಂಡ 1971ರ ಯುದ್ಧದಲ್ಲಿದ್ದವರು. ಅವರು ಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ. ನನ್ನ ಜೊತೆ ಬಂದವರು ಕ್ಲರ್ಕ್ ಸಾಹೇಬರು, ಅಂದರೆ ಸಭೆಯಲ್ಲಿ ಮಾತಿಗೆ ಬಂದ ಆ 'ಫಾರಂ ತುಂಬಿಸೋನು'. ಸೇನೆಯಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದರು. ಈಗ ಪ್ರತಿ ಬುಧವಾರ ಬೆಳಿಗ್ಗೆಯಿಂದ ಸಂಘದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ. ಪಿಂಚಣಿಯೆಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಬ್ಯಾಂಕಿನವರನ್ನು ಕೇಳಿದರೆ "ನಮ್ಮಲ್ಲಿಲ್ಲ" ಅಂತಾರೆ, ಮೊಮ್ಮಕ್ಕಳನ್ನು ಕೇಳಿದರೆ "ಒಟಿಪಿ ಬರ್ಲಿಲ್ಲ ತಾತ" ಅಂತಾರೆ. ಹಾಗಾಗಿ ಬುಧವಾರ ಟೈರ್ ಅಂಗಡಿಯ ಮೆಟ್ಟಿಲ ತುಂಬ ಊರುಗೋಲು.

ಅಜ್ಜಿಗೆ ಡಿಸ್ಚಾರ್ಜ್ ಬುಕ್ ಕೇಳಿದೆವು. "ಗೆದ್ಲು ತಿಂತು ಕಣವ್ವ." ದಳ ಯಾವುದು? "ಬೆಂಗ್ಳೂರು ಹಲಸೂರಾಗೆ ಮಿಲ್ಟ್ರಿ." ನಂಬರು? ಅಜ್ಜಿ ನಕ್ಕರು. ಆಮೇಲೆ ಒಳಗೆ ಹೋಗಿ ಎಲೆಅಡಿಕೆ ಸಂಚಿ ತಂದು ನನ್ನ ಮಡಿಲಿಗೆ ಸುರಿದರು. ನಾಲ್ಕು ಪದಕ. ರಿಬ್ಬನ್ನು ಮುಟ್ಟಿದರೆ ಪುಡಿಯಾಗುತ್ತಿತ್ತು, ಲೋಹ ಕಪ್ಪುಗಟ್ಟಿತ್ತು, ಒಂದಕ್ಕೆ ಸುಣ್ಣ ಮೆತ್ತಿತ್ತು. "ಹುಣಸೆಹಣ್ಣು ಹಾಕಿ ಉಜ್ಜಿಕೊಡ್ತೀನಿ ಇರವ್ವ" ಅಂತ ಅಜ್ಜಿ ಎದ್ದರು. ಕ್ಲರ್ಕ್ ಸಾಹೇಬರು ಹೆಚ್ಚುಕಡಿಮೆ ಹಾರಿ ಕೈ ಹಿಡಿದರು. "ಬೇಡ ಅಜ್ಜಿ, ಅಂಚು ಸವೆದ್ರೆ ನಿಮ್ಮ ಯಜಮಾನ್ರೇ ಸವೆದಂಗೆ."

ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ದುಂಡು ಪದಕದ ದಪ್ಪ ಅಂಚಿನ ಸುತ್ತ ಸೈನಿಕನ ನಂಬರು, ದರ್ಜೆ, ಹೆಸರು, ದಳದ ಮೊಟಕು ಹೆಸರು ಕೊರೆದಿರುತ್ತಾರೆ. ಮುಂಭಾಗ ಎಲ್ಲರದ್ದೂ ಒಂದೇ, ಅಂಚು ಮಾತ್ರ ಅವನೊಬ್ಬನದು. ನಮ್ಮಪ್ಪನ ಪದಕಗಳನ್ನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೇನೋ, ಒಮ್ಮೆಯೂ ಅಂಚು ತಿರುಗಿಸಿ ನೋಡಿರಲಿಲ್ಲ. ಕ್ಲರ್ಕ್ ಸಾಹೇಬರು ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿಯಿಟ್ಟು, ಪದಕವನ್ನು ಗಾಲಿಯಂತೆ ನಿಧಾನ ತಿರುಗಿಸುತ್ತ ಓದಿದರು. ಏಳು ಅಂಕಿ. ಆಮೇಲೆ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಸಿಪಾಯಿ, ಅನ್ನುವುದರ ಮೊಟಕು. ಹಲಸೂರು ಕೆರೆ ಹತ್ತಿರದ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂ.ಇ.ಜಿ.ಯವರೇ. ಆದರೆ ಐದನೇ ಅಂಕಿ ಮೂರೋ ಎಂಟೋ ಗೊತ್ತಾಗಲಿಲ್ಲ. ಇನ್ನೊಂದು ಪದಕದಲ್ಲಿ ಅದೇ ಜಾಗಕ್ಕೆ ಪೆಟ್ಟು ಬಿದ್ದಿತ್ತು.

"ಟ್ರಂಕ್ ಇಲ್ವಾ ಅಜ್ಜಿ?"

ಟ್ರಂಕು ಅಟ್ಟದ ಮೇಲಿತ್ತು. ಪಕ್ಕದ ಮನೆ ಹುಡುಗ ಹತ್ತಿ ಇಳಿಸಿದ. ಕಪ್ಪು ಬಣ್ಣದ ತಗಡಿನ ಟ್ರಂಕು, ಒಳಗೆ ಹುರುಳಿಕಾಳು, ಮೇಲೊಂದು ಹರಿದ ಗೋಣಿಚೀಲ. ಫೌಜಿ ಮನೆಗಳಲ್ಲಿ ಹುಟ್ಟಿದವರಿಗೆಲ್ಲ ಈ ಟ್ರಂಕು ಗೊತ್ತು. ನಮ್ಮನೆಯದರಲ್ಲಿ ರಗ್ಗು ಇರುತ್ತಿದ್ದವು. ಅಜ್ಜಿ ಸೆರಗಿನಿಂದ ಧೂಳು ಒರೆಸಿದರು. ಬಿಳಿ ಪೇಂಟಿನಲ್ಲಿ ಕೈಯಿಂದ ಬರೆದ ನಂಬರು, ಹೆಸರು, ಕೆಳಗೆ ಊರು. ಎಂಟು.

ಪದಕಗಳಲ್ಲಿ ಒಂದು ನಕ್ಷತ್ರದ ಆಕಾರದ್ದು, ಪಶ್ಚಿಮಿ ಸ್ಟಾರ್. 1971ರಲ್ಲಿ ಪಶ್ಚಿಮ ರಂಗದಲ್ಲಿದ್ದವರಿಗೆ ಕೊಟ್ಟದ್ದು, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. "ಅಲ್ಲೇನು ಮಾಡ್ತಿದ್ರು ಅಂತ ಹೇಳ್ತಿದ್ರಾ ಅಜ್ಜಿ?" "ನೆಲದಾಗೆ ಹೂತಿರೋ ಬಾಂಬು ತೆಗೀತಿದ್ದೆ ಅಂತಿದ್ರು. ಕುಡಿದಾಗ ಮಾತ್ರ." ನನ್ನ ಕೈ ಬಸಂತರ್ ಅಂತ ಬರೆಯಲು ತುರಿಸಿತು. ಆ ಡಿಸೆಂಬರಿನಲ್ಲಿ ಬಸಂತರ್ ನದಿಯ ಬಳಿ ಎಂ.ಇ.ಜಿ.ಯ ತಂಬಿಗಳು (ಆ ದಳದ ಸೈನಿಕರನ್ನು ಕರೆಯುವುದೇ ಹಾಗೆ) ಮೈನು ತೆಗೆದು ದಾರಿ ಮಾಡಿದ್ದರಿಂದಲೇ ನಮ್ಮ ಟ್ಯಾಂಕುಗಳು ಆಚೆ ದಾಟಿದ್ದು. ಅರುಣ್ ಖೇತರ್‌ಪಾಲ್ ಪರಮವೀರ ಚಕ್ರ ಪಡೆದ ಕಾಳಗ ಅದು. ಕ್ಲರ್ಕ್ ಸಾಹೇಬರು ನನ್ನ ಹಾಳೆ ಕಡೆ ನೋಡಿದರು. "ಯಾವ ಕಂಪನಿ ಅಂತ ದಾಖಲೆ ಇದೆಯಾ ಮೇಡಂ?" ಇರಲಿಲ್ಲ. "ಹಂಗಾದ್ರೆ ಪಶ್ಚಿಮ ರಂಗ ಅಂತ ಮಾತ್ರ ಹಾಕಿ. ಇರೋದು ಸಾಕು, ಇಲ್ದೇ ಇರೋದು ಯಾಕೆ?" ನಾನು ಹಾಗೇ ಬರೆದೆ, ಸ್ವಲ್ಪ ಮುನಿಸಿನಿಂದ.

ಕೆಲಸ ಮುಗಿಯಿತು ಅಂತ ಎದ್ದೆ. ಕ್ಲರ್ಕ್ ಸಾಹೇಬರು ಏಳಲಿಲ್ಲ. "ಪಾಸ್‌ಬುಕ್ ತನ್ನಿ ಅಜ್ಜಿ." ನೋಡಿದರೆ ಮೂರು ತಿಂಗಳಿಂದ ಕುಟುಂಬ ಪಿಂಚಣಿ ಬಂದಿಲ್ಲ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣ ಪತ್ರ ಹೋಗಿಲ್ಲ. ಅಜ್ಜಿ ಸೈಬರ್ ಅಂಗಡಿಗೆ ಎರಡು ಸಲ ಹೋಗಿ ಬಂದಿದ್ದರು. ಬೆರಳಿಟ್ಟರೆ ಯಂತ್ರ ಹಿಡಿಯಲಿಲ್ಲವಂತೆ. ಅವರ ಹೆಬ್ಬೆರಳು ನೋಡಿದೆ. ಮಟ್ಟೆ ಸುಲಿದು, ಗರಿ ಹೆಣೆದು, ಹುಣಸೆ ಜಜ್ಜಿ ಗೆರೆಗಳೇ ಉಳಿದಿರಲಿಲ್ಲ.

ಈಗ ಮುಖ ತೋರಿಸಿಯೂ ಮಾಡಬಹುದು, ಮೊಬೈಲಿನಲ್ಲೇ. ಕ್ಲರ್ಕ್ ಸಾಹೇಬರು ಫೋನ್ ಹಿಡಿದು "ಕಣ್ಣು ಮಿಟುಕಿಸಿ ಅಜ್ಜಿ" ಅಂದರು. ಅಜ್ಜಿ ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡು ಸೆರಗು ಸರಿ ಮಾಡಿ, ಉಸಿರು ಬಿಗಿಹಿಡಿದು, ಕಣ್ಣರಳಿಸಿ ಕೂತರು. ರೆಪ್ಪೆ ಅಲುಗಲಿಲ್ಲ. ಒಂದು ಸಲ, ಎರಡು ಸಲ, ಐದು ಸಲ. ಕೊನೆಗೆ ಪಕ್ಕದ ಮನೆ ಹುಡುಗ ಹಿಂದೆ ನಿಂತು ಟ್ರಂಕಿನ ಮುಚ್ಚಳವನ್ನು ದಢಾರನೆ ಹಾಕಿದ. ಅಜ್ಜಿ ಬೆಚ್ಚಿ ಕಣ್ಣು ಮಿಟುಕಿಸಿದರು. ಭಾರತ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಮತ್ತೆ ಬದುಕಿದರು.

ಬಸ್ಸಿನಲ್ಲಿ ಬರುತ್ತ ಕ್ಲರ್ಕ್ ಸಾಹೇಬರ ಸ್ವಂತ ಪತ್ರಕ್ಕೆ ಅವರನ್ನೇ ಕೇಳಿದೆ, ಏನು ಬರೆಯಲಿ ಅಂತ. ಅವರು ಬೇರೆಯೇ ಮಾತು ತೆಗೆದರು. ದಾಖಲೆಯಲ್ಲಿ ಹೆಂಡತಿಯ ಹೆಸರು ತಪ್ಪಿರುವುದು ಎಂಥ ಪಿಡುಗು ಅಂತ. ಉತ್ತರದ ಯಾವನೋ ಬರವಣಿಗೆಯವನು ನಮ್ಮ ಲಕ್ಷ್ಮಮ್ಮನನ್ನು ಲಚ್ಮಾ ಅಂತ ಬರೆದಿರುತ್ತಾನೆ, ಆಧಾರ್‌ನಲ್ಲಿ ಲಕ್ಷ್ಮಮ್ಮ. ಗಂಡ ಇರುವಾಗಲೇ ಸೇನಾ ದಾಖಲೆ ತಿದ್ದುವ ಪಾರ್ಟ್ ಟೂ ಆರ್ಡರ್ ಮಾಡಿಸಿ ಸರಿಪಡಿಸಿಕೊಳ್ಳದಿದ್ದರೆ, ಅವನು ಹೋದ ಮೇಲೆ ಅವಳು ತಾನು ಅವನ ಹೆಂಡತಿ ಅಂತ ಸಾಬೀತು ಮಾಡಲು ಓಡಾಡಬೇಕು. "ಅದನ್ನೇ ಮೈಕಲ್ಲಿ ಹೇಳಿ ಮೇಡಂ, ಎಲ್ರೂ ಮನೆಗೆ ಹೋಗಿ ಪಿಪಿಒ, ಅಂದ್ರೆ ಪಿಂಚಣಿ ಆದೇಶ, ತೆಗೆದು ಹೆಂಡ್ತಿ ಹೆಸರು ನೋಡ್ಲಿ. ನನಗೆ ಅಷ್ಟು ಸಾಕು."

ಖರೀದಿಯ ವಿಷಯ ಉದ್ದ ಮಾಡುವುದಿಲ್ಲ. ಎಲ್ಲರ ಮನೆಯ ಬೀರುವಿನಲ್ಲೂ ಅದೇ ಜರಿ ಅಂಚಿನ ಶಾಲು ಐದಾರಿವೆ, ಯಾರೂ ಹೊದೆಯುವುದಿಲ್ಲ. ಅವು ಮುಂದಿನ ಮದುವೆಗೆ, ಇನ್ನೊಬ್ಬರ ಸನ್ಮಾನಕ್ಕೆ ಊರೂರು ಸುತ್ತುತ್ತಿರುತ್ತವೆ. ನಾವು ಶಿರಾ ಕಡೆಯಿಂದ ಕುರಿ ಉಣ್ಣೆಯ ಕರಿ ಕಂಬಳಿ ತರಿಸಿದೆವು. ಚಳಿಗಾಲಕ್ಕೆ ಒದಗುತ್ತದೆ. ಮೈಸೂರು ಪೇಟ ಮಾತ್ರ ಬಿಡಲು ಯಾರೂ ಒಪ್ಪಲಿಲ್ಲ. ಹನ್ನೆರಡು ತಲೆಗೆ ಒಂದೇ ಅಳತೆಯ ಪೇಟ ತಂದು ಅನುಭವಿಸಿದೆವು.

ಭಾನುವಾರ ಹತ್ತು ಗಂಟೆಗೆ ಕಾರ್ಯಕ್ರಮ. ಒಂಬತ್ತೂಮುಕ್ಕಾಲಿಗೆ ಎಲ್ಲ ಕುರ್ಚಿ ಭರ್ತಿ. ಇವರ ಲೆಕ್ಕದಲ್ಲಿ ಹೇಳಿದ ಹೊತ್ತಿಗೆ ಬಂದರೆ ತಡ. ಮುಖ್ಯ ಅತಿಥಿ ಹತ್ತಾದರೂ ಇಲ್ಲ, ಹತ್ತೂಕಾಲಾದರೂ ಇಲ್ಲ. ಎಸ್.ಎಂ. ಸಾಬ್ ಗಡಿಯಾರ ನೋಡಿ "ಶುರು" ಅಂದರು.

ವೇದಿಕೆಯ ಪಕ್ಕ ತಲೆಕೆಳಗಾಗಿ ನಿಲ್ಲಿಸಿದ ಮರದ ಬಂದೂಕು, ಅದರ ಮೇಲೆ ಹೆಲ್ಮೆಟ್ಟು. ಹೂವಿನ ಚಕ್ರ ಇಟ್ಟು ಎಲ್ಲರೂ ಎದ್ದು ನಿಂತರು. ಬಿಗುಲ್ ಊದುವವರು ಸಿಗದೆ, ಮಡಿದವರಿಗೆ ಗೌರವ ಸಲ್ಲಿಸುವಾಗ ಊದುವ ಲಾಸ್ಟ್ ಪೋಸ್ಟ್ ಅನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕುವ ಕೆಲಸ ನನ್ನ ಮಗನಿಗೆ ಕೊಟ್ಟಿದ್ದೆ. ಡೌನ್‌ಲೋಡ್ ಮಾಡಿಕೋ ಅಂತ ಮೂರು ಸಲ ಹೇಳಿದ್ದೆ. ಅವನು ನೇರ ಯೂಟ್ಯೂಬಿನಿಂದಲೇ ಹಾಕಿದ. ಎಲ್ಲರ ತಲೆ ಬಾಗಿತ್ತು, ಬಿಗುಲ್ ಮೇಲಕ್ಕೇರಿತು, ಅಷ್ಟರಲ್ಲಿ ಒಂದು ಹೆಂಗಸಿನ ದನಿ ಹುರುಪಿನಿಂದ ಬಟ್ಟೆ ಸೋಪಿನ ಬಗ್ಗೆ ಶುರು ಮಾಡಿತು. ನಾನು ನೆಲ ಬಿರಿಯಲಿ ಅಂತ ನಿಂತೆ. ಒಬ್ಬರಾದರೂ ತಲೆ ಎತ್ತಲಿಲ್ಲ. ಐದು ಸೆಕೆಂಡ್ ಸೋಪು, ಮತ್ತೆ ಬಿಗುಲ್. ಆಮೇಲೆ ಎರಡು ನಿಮಿಷ ಮೌನ. ಅಷ್ಟು ಅಲುಗದ ಮೌನವನ್ನು ನಾನು ಶಾಲೆಯಲ್ಲಿ 26 ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಪತ್ರ ಓದುವುದು ನಾನೇ. ಮೊದಲು ನಂಬರು, ಒಂದೊಂದೇ ಅಂಕಿ. ಆಮೇಲೆ ದರ್ಜೆ, ಹೆಸರು. ನಂಬರು ಓದುವುದು ಕ್ಲರ್ಕ್ ಸಾಹೇಬರ ಸಲಹೆ. ಸಭೆಗೆ ಬೇಸರವಾಗುತ್ತದೇನೋ ಅಂತ ನನಗೆ ಅನುಮಾನವಿತ್ತು. ಮೊದಲನೆಯವರ ನಂಬರಿನ ಕೊನೆ ಅಂಕಿ ನನ್ನ ಬಾಯಿಂದ ಬರುವುದರೊಳಗೆ ಅವರು ಎದ್ದು ಸಾವಧಾನ್ ನಿಂತಿದ್ದರು, ಹೆಸರಿಗೆ ಕಾಯಲಿಲ್ಲ. ಎಲ್ಲರೂ ಹಾಗೇ. ಮೊಣಕಾಲು ಆಪರೇಷನ್ ಆದವರೂ. ಮದ್ರಾಸ್ ರೆಜಿಮೆಂಟಿನವರ ಸರದಿ ಬಂದಾಗ ಹಿಂದಿನ ಸಾಲಿನಿಂದ ಯಾರೋ "ವೀರ ಮದ್ರಾಸಿ!" ಅಂದರು, ಹತ್ತಾರು ಮುದಿ ಗಂಟಲುಗಳು "ಅಡಿ ಕೊಲ್ಲು, ಅಡಿ ಕೊಲ್ಲು" ಅಂದವು. ಅದು ಆ ರೆಜಿಮೆಂಟಿನ ರಣಘೋಷ. ಸೌಟು ಹಿಡಿದೇ ವೇದಿಕೆಗೆ ಬಂದಿದ್ದ ನಾಯಕ್ ಆ ಕೂಗಿಗೆ ಸೌಟನ್ನೇ ಎತ್ತಿದರು. ಕಂಬಳಿ ಹೊದೆಸಿಕೊಂಡು, ಪತ್ರ ಬಗಲಲ್ಲಿಟ್ಟುಕೊಂಡು, ಸಾರು ಉಕ್ಕುತ್ತದೆ ಅಂತ ಓಡಿದರು.

ಅಜ್ಜಿಯ ಗಂಡನ ಪದಕಗಳಿಗೆ ಕ್ಲರ್ಕ್ ಸಾಹೇಬರು ಹೊಸ ರಿಬ್ಬನ್ನು ಹಾಕಿಸಿದ್ದರು. ಪಡೆದವನಾದರೆ ಎಡ ಎದೆಗೆ, ಅವನಿಲ್ಲದಾಗ ಮನೆಯವರು ಹಾಕಿಕೊಂಡರೆ ಬಲಕ್ಕೆ. ಎಸ್.ಎಂ. ಸಾಬ್ ಅವರ ಹೆಂಡತಿ ಅಜ್ಜಿಯ ಸೆರಗಿನ ಬಲಕ್ಕೆ ಪಿನ್ನು ಹಾಕುವಾಗ ಅಜ್ಜಿ "ಸೀರೆ ಹರಿದೀತು ತಾಯಿ, ಹೊಸದು" ಅಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನು ನಂಬರು ಓದಿದೆ. ಎದ್ದು ನಿಲ್ಲಲು ಆ ನಂಬರಿನವರು ಇರಲಿಲ್ಲ. ಒಂದು ಕ್ಷಣ ಹಾಗೇ ಹೋಯಿತು. ಆಮೇಲೆ ಕುರ್ಚಿಗಳ ಸದ್ದು. ಸಭೆಯೇ ಎದ್ದು ನಿಂತಿತ್ತು. ಅಜ್ಜಿ ಪಕ್ಕದಲ್ಲಿದ್ದವರಿಗೆ ಹೇಳಿದರು: "ಅದೇ ನಂಬ್ರು ಕಣ್ರವ್ವ, ಹುರುಳಿ ಟ್ರಂಕಿನ ಮ್ಯಾಲೈತೆ."

ಸ್ವಯಂಸೇವಕರಲ್ಲಿ ಒಬ್ಬಳು ಎನ್‌ಸಿಸಿ ಹುಡುಗಿ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಸಣ್ಣ ಬಾವುಟ ಎದೆಗೆ ಚುಚ್ಚಿ ಡಬ್ಬಿಗೆ ಕಾಸು ಹಾಕಿಸಿಕೊಳ್ಳುವ ಕೆಲಸ ಅವಳದು. ಬಸ್ ಸ್ಟ್ಯಾಂಡಿನಲ್ಲಿ ಮೂರು ವರ್ಷ ನಿಂತಿದ್ದಾಳೆ. ಇನ್ನೊಬ್ಬರು ಆಟೋದವರು, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್‌ಗೆ ಹೋಗುವ ಮುದುಕರನ್ನು ಮೀಟರ್ ಹಾಕದೆ ಕರೆದೊಯ್ಯುವವರು. ಮತ್ತೊಬ್ಬರು ಆಸ್ಪತ್ರೆ ಸರದಿಯಲ್ಲಿ ಅವರ ಜೊತೆ ನಿಲ್ಲುವ ನಿವೃತ್ತ ನರ್ಸು. ಇವರ ಹೆಸರು ಕರೆದಾಗ ಚಪ್ಪಾಳೆ ಜೋರಾಗಿತ್ತು. 'ಒಂದೇ ಶಾಲಾ' ಅಂದವರು ಆಟೋದವರ ಪೇಟ ಕಣ್ಣಿನ ಮೇಲೆ ಜಾರಿದಾಗ ತಾವೇ ಎದ್ದು ಬಂದು ಹಿಂದಿನಿಂದ ಬಿಗಿ ಮಾಡಿದರು. ಕ್ಲರ್ಕ್ ಸಾಹೇಬರು ಹೇಳಿದ ಮಾತನ್ನು ನಾನು ಮೈಕಿನಲ್ಲಿ ಹೇಳಿದೆ: ಮನೆಗೆ ಹೋಗಿ ಪಿಪಿಒದಲ್ಲಿ ಹೆಂಡತಿಯ ಹೆಸರು ನೋಡಿ. ಮುಂದಿನ ಬುಧವಾರ ಟೈರ್ ಅಂಗಡಿ ಮೆಟ್ಟಿಲಲ್ಲಿ ಹದಿನೇಳು ಜನ ಇದ್ದರಂತೆ.

ಮುಖ್ಯ ಅತಿಥಿ ಪಾಯಸದ ಹೊತ್ತಿಗೆ ಬಂದು ಊಟ ಮಾಡಿ ಹೋದರು.

ಊಟ ಬಡಿಸುತ್ತಿದ್ದ ನಾಯಕ್ ನನ್ನ ಎಲೆ ಹತ್ತಿರ ಬಂದು ಬಗ್ಗಿದರು. "ಅಮ್ಮ, ಒಂದು ಮಾತು. ಬೇಜಾರು ಮಾಡ್ಕೋಬೇಡ. ನಾನು ಭರ್ತಿ ಆಗಿದ್ದು ಎಂಬತ್ತೊಂದು. ನೀನು ಎಂಬತ್ತೆರಡು ಓದ್ದೆ." ಅನ್ನ ಗಂಟಲಲ್ಲೇ ನಿಂತಿತು. ಸುಬೇದಾರರು ಪ್ರೂಫ್ ನೋಡಿ ಕೊಟ್ಟ ಮೇಲೆ 'ಲಂಗರ್' ಪದ ಸೇರಿಸಲು ನಾನೇ ಆ ಒಂದು ಪುಟ ಮತ್ತೆ ಟೈಪ್ ಮಾಡಿದ್ದೆ. ಮತ್ತೆ ಅವರಿಗೆ ತೋರಿಸಿರಲಿಲ್ಲ. ಡಿಟಿಪಿ ಹುಡುಗನನ್ನು ಬೈಯುವ ಹಕ್ಕು ಅಲ್ಲಿಗೆ ಹೋಯಿತು.

ಅದೇ ವಾರ ಸರಿಪಡಿಸಿ ಅಚ್ಚು ಹಾಕಿಸಿ, ಗಾಜಿನ ಫ್ರೇಮು ಕಟ್ಟಿಸಿ, ಕ್ಯಾತ್ಸಂದ್ರಕ್ಕೆ ತೆಗೆದುಕೊಂಡು ಹೋದೆ. ಈ ಸಲ ಸುಬೇದಾರರ ಕೆಂಪು ಪೆನ್ನು ಎರಡು ಸಲ ಅದರ ಮೇಲೆ ಹರಿದಿತ್ತು. ನಾಯಕ್ ಮನೆಯ ನಡುಮನೆಯಲ್ಲಿ ಹಳೆಯ ಪತ್ರ ಆಗಲೇ ಗೋಡೆಗೇರಿತ್ತು, ದೇವರ ಪಟದ ಪಕ್ಕಕ್ಕೆ. ಹತ್ತಿರ ಹೋಗಿ ನೋಡಿದೆ. ಫ್ರೇಮಿನ ಹಿಂಬದಿ ಬಿಚ್ಚಿ, 1982ರ ಎರಡನ್ನು ನೀಲಿ ಬಾಲ್‌ಪೆನ್ನಿನಲ್ಲಿ ಅಡ್ಡ ಹೊಡೆದು ಮೇಲೆ ಒಂದು ಅಂತ ಬರೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದ್ದರು. ಸೇನೆಯ ಕಾಗದಗಳಲ್ಲಿ ತಿದ್ದಿದಲ್ಲಿ ಸಹಿ ಹಾಕುವುದು ಕಡ್ಡಾಯವಂತೆ.

ಹೊಸದನ್ನು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದು ಬೇಡಮ್ಮ. ಎಲ್ರ ಮುಂದೆ ಕೊಟ್ಟಿದ್ದು ಅದು." ಆಮೇಲೆ ಫ್ರೇಮಿನ ಗಾಜನ್ನು ಬೆರಳಿನಿಂದ ತಟ್ಟಿ, "ಗಾಜು ಚೆನ್ನಾಗೈತೆ. ಮೊಮ್ಮಗಳದೊಂದು ಫೋಟೋ ಐತೆ, ಅದಕ್ಕೆ ಹಾಕ್ತೀನಿ ಬಿಡು" ಅಂದರು.